ಶಾಸಕಿ ಲೋಕಸಭೆಗೆ ನಿಂತರೆ ರಾಜೀನಾಮೆ ಕೊಡಬೇಕೇ?

ಲೋಕಸಭೆ ಚುನಾವಣೆ ಹತ್ತಿರ ಬಂತೆಂದರೆ ಕಲಬುರಗಿಯ ವಕೀಲರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಯಾರೋ ಒಬ್ಬ ಶಾಸಕಿಯ ಹೆಸರು ಓಡಾಡತೊಡಗುತ್ತದೆ. ಅವರ ಕಡೆಯವರು ಬಂದು ಕೇಳುತ್ತಾರೆ: 'ಅಕ್ಕಾರು ಎಂಪಿಗೆ ನಿಂತ್ರ ಎಮ್ಮೆಲ್ಲೆ ಸೀಟ್ ಬಿಡಬೇಕೇನ್ರಿ?' ಬಿಡಬೇಕಿಲ್ಲ. ಸೋತರೂ ಶಾಸಕಿಯಾಗಿಯೇ ಮುಂದುವರಿಯಬಹುದು. ಗೆದ್ದರೆ ಮಾತ್ರ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಈ ಗೊಂದಲ ಹುಟ್ಟಿದ್ದು ನಮ್ಮೂರಲ್ಲೇ ಅನ್ನಿಸುತ್ತದೆ. 2019ರಲ್ಲಿ ಚಿಂಚೋಳಿ ಶಾಸಕರಾಗಿದ್ದ ಉಮೇಶ್ ಜಾಧವ್ ರಾಜೀನಾಮೆ ಕೊಟ್ಟ ಮೇಲೆ ಲೋಕಸಭೆಗೆ ನಿಂತರು. ಆದರೆ ಅವರು ಪಕ್ಷ ಬದಲಿಸಿದ್ದರು. ಒಂದು ಪಕ್ಷದಿಂದ ಗೆದ್ದು ಇನ್ನೊಂದು ಪಕ್ಷದ ಟಿಕೆಟ್ ಮೇಲೆ ನಿಂತರೆ ಪಕ್ಷಾಂತರ ನಿಷೇಧ ಕಾಯ್ದೆ ಅಡ್ಡ ಬರುತ್ತದೆ. ಅದೇ 2009ರಲ್ಲಿ ಮಲ್ಲಿಕಾರ್ಜುನ ಖರ್ಗೆ ಚಿತ್ತಾಪುರದ ಶಾಸಕರಾಗಿದ್ದುಕೊಂಡೇ ನಿಂತು ಗೆದ್ದರು. ಚಿತ್ತಾಪುರಕ್ಕೆ ಉಪಚುನಾವಣೆ ನಡೆದದ್ದು ಆಮೇಲೆ.

ಗೆದ್ದ ಮೇಲೆ ಮಾತ್ರ ದಿನ ಎಣಿಸಬೇಕು. ಆಯ್ಕೆ ಗೆಜೆಟ್‌ನಲ್ಲಿ ಪ್ರಕಟವಾದ 14 ದಿನದೊಳಗೆ ವಿಧಾನಸಭೆಗೆ ರಾಜೀನಾಮೆ ಕೊಡಬೇಕು. ಸುಮ್ನೆ ಕೂತರೆ ಹೋಗುವುದು ಶಾಸಕಿ ಸ್ಥಾನವಲ್ಲ, ಗೆದ್ದ ಸಂಸತ್ ಸ್ಥಾನ! ಇದನ್ನು ಕೇಳಿ ಬೆಚ್ಚಿಬೀಳುವವರೇ ಜಾಸ್ತಿ.

ಉಪಚುನಾವಣೆ ಆರು ತಿಂಗಳೊಳಗೆ ಆಗಬೇಕು. ವಿಧಾನಸಭೆಯಲ್ಲಿ ಆ ಸ್ಥಾನದ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಬೇಕಿಲ್ಲ. ಪಕ್ಕದ ಸೋಲಾಪುರ ನೋಡಿ. ಅಲ್ಲಿ ಮೂರು ಸಲ ಶಾಸಕಿಯಾಗಿದ್ದ ಪ್ರಣಿತಿ ಶಿಂದೆ 2024ರಲ್ಲಿ ಲೋಕಸಭೆಗೆ ಗೆದ್ದರು. ಅದೇ ನವೆಂಬರಿನಲ್ಲಿ ಮಹಾರಾಷ್ಟ್ರ ವಿಧಾನಸಭೆ ಚುನಾವಣೆಯೇ ಇತ್ತು, ಹಾಗಾಗಿ ಉಪಚುನಾವಣೆಯ ಮಾತೇ ಬರಲಿಲ್ಲ. ಧಾರಾವಿಯ ವರ್ಷಾ ಗಾಯಕವಾಡ, ವರೋರಾದ ಪ್ರತಿಭಾ ಧಾನೋರ್ಕರ್ ಕೂಡ ಶಾಸಕಿಯರಾಗಿದ್ದೇ ದಿಲ್ಲಿಗೆ ಹೋದರು. ನಮ್ಮಲ್ಲಿ ಆ ವರ್ಷ ಶಾಸಕರಾಗಿದ್ದು ಸಂಸದರಾದವರು ತುಕಾರಾಂ, ಬೊಮ್ಮಾಯಿ, ಕುಮಾರಸ್ವಾಮಿ. ಮೂವರೂ ಗಂಡಸರು. ಗುಲ್ಬರ್ಗಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾದ ಮೇಲೆ 2009ರಿಂದ ನಾಲ್ಕು ಚುನಾವಣೆ ಆದವು, ಒಬ್ಬ ಹೆಣ್ಣುಮಗಳೂ ಗೆದ್ದಿಲ್ಲ. ನಿಂತರೆ ಇದ್ದದ್ದೂ ಹೋಗುತ್ತದೆ ಎಂದು ಶಾಸಕಿಯರನ್ನು ಹೆದರಿಸುವವರಿದ್ದಾರೆ. ಕಾನೂನು ಹಾಗೆ ಎಲ್ಲೂ ಹೇಳುವುದಿಲ್ಲ. ಈ ಹೆದರಿಕೆ ತಪ್ಪಿಸಬೇಕೆಂದೇ ಇಷ್ಟು ಬರೆಯುತ್ತಿದ್ದೇನೆ.

ನಿಜವಾದ ತೊಡಕು ಕಾಗದಪತ್ರದ್ದು. ಆಳಂದ, ಚಿಂಚೋಳಿ ಕಲಬುರಗಿ ಜಿಲ್ಲೆಯಲ್ಲೇ ಇವೆ, ಆದರೆ ಬೀದರ್ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಯಾದಗಿರಿ ಜಿಲ್ಲೆಯ ಗುರುಮಠಕಲ್ ಗುಲ್ಬರ್ಗಾಕ್ಕೆ ಬರುತ್ತದೆ, ಶಹಾಪುರ ರಾಯಚೂರಿಗೆ. ಆಳಂದದ ಮತದಾರಳಾಗಿರುವ ಶಾಸಕಿ ಗುಲ್ಬರ್ಗಾದಿಂದ ನಿಲ್ಲಬಹುದು. ಆದರೆ ತನ್ನ ಹೆಸರಿರುವ ಮತದಾರರ ಪಟ್ಟಿಯ ದೃಢೀಕೃತ ಪ್ರತಿಯನ್ನು ನಾಮಪತ್ರದ ಜೊತೆ, ತಡವಾದರೆ ಪರಿಶೀಲನೆ ಹೊತ್ತಿಗಾದರೂ ಕೊಡಬೇಕು. ಸೂಚಕರಾಗಿ ಸಹಿ ಹಾಕುವವರು ಗುಲ್ಬರ್ಗಾ ಕ್ಷೇತ್ರದ ಮತದಾರರೇ ಆಗಿರಬೇಕು. ಆಳಂದದ ಹಳೇ ಕಾರ್ಯಕರ್ತ ಎಷ್ಟೇ ನಂಬಿಗಸ್ತನಿರಲಿ, ಅವನ ಸಹಿ ನಡೆಯದು.

ಮೀಸಲು ಕ್ಷೇತ್ರದಲ್ಲಿ ಇನ್ನೊಂದು ವಿಷಯ. ಹೆಣ್ಣುಮಗಳ ಜಾತಿ ಹುಟ್ಟಿನಿಂದ ಬರುವುದು, ಮದುವೆಯಿಂದಲ್ಲ. ಹಾಗಾಗಿ ಜಾತಿ ಪ್ರಮಾಣಪತ್ರದಲ್ಲಿ ತಂದೆಯ ಹೆಸರು, ಮತದಾರರ ಪಟ್ಟಿಯಲ್ಲಿ ಗಂಡನ ಹೆಸರು ಇರುತ್ತದೆ. ಇಬ್ಬರೂ ಒಬ್ಬಳೇ ಎಂದು ತೋರಿಸುವ ದಾಖಲೆ ಕೈಯಲ್ಲಿರಲಿ. ಠೇವಣಿ 25,000 ರೂಪಾಯಿ, ಪರಿಶಿಷ್ಟರಿಗೆ ಅದರ ಅರ್ಧ.

ನಾಮಪತ್ರದ ಜೊತೆ ಕೊಡುವ, ಆಸ್ತಿ ಮುಂತಾದ ವಿವರದ ಅಫಿಡವಿಟ್ ತುಂಬುವಾಗ ಮನೆಯವರು ಎಲ್ಲವನ್ನೂ ಗಂಡನ ಕಾಲಂಗೆ ಹಾಕಿಬಿಡುತ್ತಾರೆ. ತವರಿನವರು ಹಾಕಿದ ಚಿನ್ನ ಆಕೆಯದು. ತೂಕ, ಬೆಲೆ ಎರಡನ್ನೂ ಆಕೆಯ ಕಾಲಂನಲ್ಲೇ ಬರೆಯಬೇಕು. ಗಂಡನ ಹೆಸರಿನ ತೊಗರಿ ಹೊಲಕ್ಕೆ ಸರ್ವೆ ನಂಬರ್ ಬೇಕು. ಯಾವ ಕಾಲಮ್ಮನ್ನೂ ಖಾಲಿ ಬಿಡಬೇಡಿ, ಏನೂ ಇಲ್ಲದಿದ್ದರೆ 'ಇಲ್ಲ' ಎಂದಾದರೂ ಬರೆಯಿರಿ. ಖಾಲಿ ಬಿಟ್ಟದ್ದನ್ನು ಚುನಾವಣಾಧಿಕಾರಿ ನೆನಪಿಸಿದ ಮೇಲೂ ತುಂಬದಿದ್ದರೆ ನಾಮಪತ್ರ ತಿರಸ್ಕರಿಸಬಹುದು ಎಂದು 2013ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಶಾಸಕಿಗೆಂದೇ ಇರುವ ಕಾಲಂ ಒಂದಿದೆ ಎನ್ನಬಹುದು. ಕಳೆದ ಹತ್ತು ವರ್ಷದಲ್ಲಿ ಸರ್ಕಾರಿ ವಸತಿಯಲ್ಲಿ ಇದ್ದವರು ಬಾಡಿಗೆ, ಕರೆಂಟು, ನೀರು, ಫೋನಿನ ಬಾಕಿ ಇಲ್ಲ ಎಂಬ ಪತ್ರ ಲಗತ್ತಿಸಬೇಕು. ಬೆಂಗಳೂರಿನ ಶಾಸಕರ ಭವನದಲ್ಲಿ ಕೋಣೆ ಪಡೆದಿದ್ದರೆ ಆ ಪತ್ರ ಅಲ್ಲಿಂದಲೇ ಬರಬೇಕು. ಪಕ್ಷಗಳು ಹೆಸರು ಹೇಳುವುದೇ ಕೊನೆ ಗಳಿಗೆಯಲ್ಲಿ. ಅಷ್ಟೊತ್ತಿಗೆ ಬೆಂಗಳೂರಿಗೆ ಜನ ಓಡಿಸುವ ಬದಲು, ಟಿಕೆಟ್ ಸಿಗಲಿ ಬಿಡಲಿ, ಅರ್ಜಿಯನ್ನು ಈಗಲೇ ಕೊಟ್ಟು ತರಿಸಿಟ್ಟುಕೊಳ್ಳಿ.