ನೊರೆ ಬರದ ಪುಡಿಯಲ್ಲಿ ಎಣ್ಣೆ ಹೋಗುತ್ತಾ?

ಪ್ರಶ್ನೆ: ಮೈಸೂರು ಕಡೆಯ ನಮ್ಮ ಸೊಸೆ ಚಿಗರೆ ಪುಡಿ ತಂದಿದ್ದಾಳೆ. ಎಣ್ಣೆ ಹಚ್ಚಿ ಅದರಲ್ಲೇ ತಲೆ ತಿಕ್ಕಿಕೊಂಡೆ, ಹೇಳಿಕೊಳ್ಳುವಂಥ ನೊರೆಯೇ ಇಲ್ಲ. ಎಣ್ಣೆ ಹೋಯಿತು ಅಂತ ನಂಬೋದು ಹೇಗೆ? ನಮ್ಮ ಬೇಲಿಯ ದಾಸವಾಳದ ಸೊಪ್ಪನ್ನೂ ಹೀಗೆ ಒಣಗಿಸಿ ಇಟ್ಟುಕೊಳ್ಳಬಹುದಾ?
(ಸೋಮವಾರಪೇಟೆ ಕಡೆಯ ಓದುಗರು)

ಉತ್ತರ: ಎಣ್ಣೆ ಹೋಗಿದೆ, ಅನುಮಾನ ಬೇಡ. ಕೂದಲು ಒಣಗಿದ ಮೇಲೆ ಬೆರಳಾಡಿಸಿ ನೋಡಿ, ಜಿಡ್ಡು ಅಂಟುವುದಿಲ್ಲ. ನೊರೆ ಬಂದರೇ ಕೊಳೆ ಹೋಯಿತು ಅನ್ನುವುದು ಶಾಂಪೂ ನಮಗೆ ಕಲಿಸಿದ ಅಭ್ಯಾಸ.

ಚಿಗರೆ ಅಂದರೆ ತುಗ್ಗಲಿ ಮರದ ಎಲೆ. ಕುಶಾಲನಗರ ದಾಟಿ ಬಯಲುಸೀಮೆಗೆ ಇಳಿದರೆ ಒಣ ಕುರುಚಲು ಕಾಡಿನಲ್ಲಿ ಬೆಳೆಯುವ ಮರ. ನಮ್ಮ ಮಳೆನಾಡು ಅದಕ್ಕೆ ಒಗ್ಗದು. ಸೀಗೆಕಾಯಿ, ಅಂಟುವಾಳದಲ್ಲಿರುವ ಸಪೋನಿನ್ ಅದರ ಎಲೆಯಲ್ಲೂ ಇದೆ. ಈ ಸಪೋನಿನ್ನಿನ ಒಂದು ತುದಿ ಎಣ್ಣೆಯನ್ನು ಹಿಡಿಯುತ್ತದೆ, ಇನ್ನೊಂದು ತುದಿ ನೀರನ್ನು. ನೀರು ಸುರಿದಾಗ ಜಿಡ್ಡೂ ಜೊತೆಗೇ ಹೊರಡುತ್ತದೆ. ಅದಕ್ಕೆ ನೊರೆಯ ಗುಡ್ಡೆ ಬೇಕಿಲ್ಲ. ಬೇಕಿರುವುದು ಸಮಯ: ಎರಡು ಮೂರು ಚಮಚ ಪುಡಿಯನ್ನು ಬೆಚ್ಚಗಿನ ಗಂಜಿತಿಳಿಯಲ್ಲಿ ಕಲಸಿ ಹತ್ತು ನಿಮಿಷ ನೆನೆಯಲು ಬಿಡಿ. ಹಂಡೆಯ ನೀರು ಕಾಯುವಷ್ಟರಲ್ಲಿ ಅದೂ ಸಿದ್ಧ. ತೆಳುಬಟ್ಟೆಯಲ್ಲಿ ಸೋಸಿದ ನುಣುಪು ಪುಡಿಯೇ ಆಗಬೇಕು, ಇಲ್ಲದಿದ್ದರೆ ಮಾರನೆಯ ದಿನವೂ ತಲೆಯಿಂದ ಎಲೆಚೂರು ಉದುರುತ್ತಿರುತ್ತದೆ. ಕಣ್ಣಿಗೆ ಬಿದ್ದರೆ ಉರಿ ಖಂಡಿತ. ಮೈಗೆ ಹಚ್ಚುವುದಾದರೆ ಸಮಪಾಲು ಹೆಸರುಹಿಟ್ಟು ಸೇರಿಸಿ. ಬರೀ ಚಿಗರೆ ಚರ್ಮವನ್ನು ಬಿರುಸು ಮಾಡುತ್ತದೆ. ಮೊದಲ ಸಲ ಮೊಣಕೈ ಒಳಬದಿಗೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ. ಸೊಪ್ಪು ಎಂದ ಮಾತ್ರಕ್ಕೆ ತುರಿಕೆ ಬರಬಾರದೆಂದೇನಿಲ್ಲ.

ದಾಸವಾಳದ ಗುಣವೇ ಬೇರೆ. ಅದರ ಬಲ ಲೋಳೆಯಲ್ಲಿದೆ. ಆ ಲೋಳೆ ಕೂದಲನ್ನು ನುಣುಪು ಮಾಡುತ್ತದೆ, ಸಿಕ್ಕು ಬಿಡಿಸುತ್ತದೆ, ಆದರೆ ಸುರಿಯುವಷ್ಟು ಹಚ್ಚಿದ ಎಣ್ಣೆಯನ್ನು ಒಂದೇ ಕೈಯಲ್ಲಿ ತೆಗೆಯದು. ಬೇಲಿಯಲ್ಲೇ ವರ್ಷವಿಡೀ ಹಸಿ ಎಲೆ ಸಿಗುವಾಗ ಒಣಗಿಸುವ ಕಷ್ಟವೇಕೆ ಎಂಬುದು ನನ್ನ ಅಭಿಪ್ರಾಯ. ಹಸಿಯದನ್ನೇ ಕಿವುಚಿ ಚಿಗರೆ ಪುಡಿಗೆ ಬೆರೆಸಿ, ಜೋಡಿ ಚೆನ್ನಾಗಿ ಒಗ್ಗುತ್ತದೆ.

ಒಣಗಿಸಲೇಬೇಕೆಂದರೆ ಕಣದಲ್ಲಿ ಕಾಫಿ ಹರವುವ ಜನವರಿ, ಫೆಬ್ರವರಿಯಲ್ಲೇ ಮುಗಿಸಿ. ನೆರಳಲ್ಲಿ, ತೆಳ್ಳಗೆ, ಮುಷ್ಟಿಯಲ್ಲಿ ಹಿಡಿದರೆ ಎಲೆ ಪುಡಿಪುಡಿಯಾಗುವವರೆಗೆ. ಒಲೆಯ ಮೇಲಿನ ಅಟ್ಟದಲ್ಲೂ ಒಣಗುತ್ತದೆ ನಿಜ, ಆಮೇಲೆ ತಲೆಯೆಲ್ಲ ಹೊಗೆ ವಾಸನೆ! ಪುಡಿಯನ್ನು ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿಡಿ, ಒದ್ದೆ ಚಮಚ ಹಾಕಬೇಡಿ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಮುಚ್ಚಳ ತೆರೆದಾಗ ಮುಗ್ಗಲು ವಾಸನೆ ಬಂದರೆ, ಗಂಟು ಕಟ್ಟಿದ್ದರೆ, ಬಿಸಿಲಿಗಿಟ್ಟು ಉಳಿಸಿಕೊಳ್ಳಲು ಹೋಗದೆ ಕಾಫಿ ಗಿಡದ ಬುಡಕ್ಕೆ ಸುರಿದುಬಿಡಿ.