ಮೂತಿ ಉದ್ದದ ಹಲಗೆ

ಕಾಶ್ಮೀರದ ಗುಲ್ಮಾರ್ಗ್‌ನ ಗೊಂಡೋಲಾ, ಅಂದರೆ ಕೇಬಲ್ ಕಾರ್, ನಮ್ಮನ್ನು ಎರಡು ಹಂತದಲ್ಲಿ ಅಫರ್ವತ್ ಬೆಟ್ಟದ ಹೆಗಲಿಗೆ ಕರೆದೊಯ್ಯುತ್ತದೆ. ಇಳಿಯುವ ಜಾಗದ ಎತ್ತರ ಸುಮಾರು 3,950 ಮೀಟರ್. ಕೆಳಗಿನ ಗುಲ್ಮಾರ್ಗ್ ಸುಮಾರು 2,650 ಮೀಟರ್. ಈ 1,300 ಮೀಟರ್ ಜಾರಿ ಇಳಿಯುವಷ್ಟರಲ್ಲಿ ಸ್ನೋಬೋರ್ಡ್‌ನ ಅಡಿಯಲ್ಲಿ ಹಿಮ ಮೂರು ನಾಲ್ಕು ಸಲ ಬದಲಾಗಬಹುದು. ತುದಿಯಲ್ಲಿ ಗಾಳಿ ಬಡಿದು ಗಟ್ಟಿಯಾದ ಹಿಮ. ತಗ್ಗಿನಲ್ಲಿ ಹಿಟ್ಟಿನಂಥ ಪುಡಿ. ಬಿಸಿಲು ಬಿದ್ದ ಕಡೆ ಹಪ್ಪಳದಂಥ ಪದರ. ಕೆಳಗೆ ಬಂದಂತೆ, ಮಧ್ಯಾಹ್ನದ ಹೊತ್ತಿಗೆ, ಒದ್ದೆ ಹಿಮ. ಕಾಲಿಗೆ ಕಟ್ಟಿದ ಹಲಗೆ ಮಾತ್ರ ಅದೇ.

ಇಂಥ ಬೆಟ್ಟಕ್ಕೆ ತುಂಬ ಜನ ಡೈರೆಕ್ಷನಲ್ ಬೋರ್ಡ್ ತರುತ್ತಾರೆ. ಅದನ್ನು ಗೋಡೆಗೆ ಒರಗಿಸಿ ನೋಡಿ. ಮೂತಿ ಉದ್ದ, ಅಗಲ. ಬಾಲ ಗಿಡ್ಡ. ಎಷ್ಟೋ ಹಲಗೆಗಳಲ್ಲಿ ಬಾಲ ಒಂದೆರಡು ಸೆಂಟಿಮೀಟರ್ ಕಿರಿದಾಗಿಯೂ ಇರುತ್ತದೆ. ಬೂಟು ಸಿಕ್ಕಿಸುವ ಬೈಂಡಿಂಗ್‌ಗಳು ನಟ್ಟನಡುವೆ ಇರುವುದಿಲ್ಲ, ತುಸು ಹಿಂದಕ್ಕಿರುತ್ತವೆ. ಟ್ವಿನ್ ಬೋರ್ಡ್ ಹಾಗಲ್ಲ. ಅದರ ಎರಡು ತುದಿಯೂ ಒಂದೇ ಥರ, ಹಿಂದುಮುಂದಾಗಿ ಜಾರಲು ಅನುಕೂಲ.

ಈ ಓರೆಕೋರೆ ಆಕಾರ ಯಾಕೆ ಅಂತ ತಿಳಿಯಲು ಪುಡಿಹಿಮಕ್ಕೇ ಹೋಗಬೇಕು. ಆಗಷ್ಟೇ ಬಿದ್ದ ಒಣ ಹಿಮ ಒಂದು ಘನ ಮೀಟರ್‌ಗೆ 50ರಿಂದ 100 ಕಿಲೋ ತೂಗುತ್ತದೆ. ಅಷ್ಟೇ ಜಾಗದ ಗಟ್ಟಿ ಮಂಜುಗಡ್ಡೆ 917 ಕಿಲೋ. ಅಂದರೆ ಆ ಬಿಳಿ ರಾಶಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬರೀ ಗಾಳಿ! ಬೂಟಿನಲ್ಲಿ ಕಾಲಿಟ್ಟರೆ ಸೊಂಟದವರೆಗೆ ಹೂತುಹೋಗಬಹುದು. ಹಲಗೆ ನಮ್ಮ ಭಾರವನ್ನು ಎಷ್ಟೋ ಪಟ್ಟು ದೊಡ್ಡ ಜಾಗಕ್ಕೆ ಹಂಚುತ್ತದೆ, ಆದರೂ ಅಷ್ಟೇ ಸಾಲದು. ವೇಗ ಬೇಕು, ಮೂತಿ ಮೇಲಕ್ಕೆತ್ತಿರಬೇಕು. ಎತ್ತಿದ ಮೂತಿ ಮುಂದಿನ ಹಿಮವನ್ನು ಕೆಳಕ್ಕೆ ಅದುಮುತ್ತದೆ, ಅದುಮಿಸಿಕೊಂಡ ಹಿಮ ಹಲಗೆಯನ್ನು ಮೇಲಕ್ಕೆ ತಳ್ಳುತ್ತದೆ. ವೇಗದ ದೋಣಿ ನೀರಿನಿಂದ ಎದ್ದು ಓಡುವುದೂ ಹೀಗೆಯೇ. ಟ್ವಿನ್ ಬೋರ್ಡ್‌ನಲ್ಲಿ ಮೂತಿ ಎತ್ತಲು ನಾವೇ ಹಿಂದಕ್ಕೆ ವಾಲಬೇಕು. ಹತ್ತು ನಿಮಿಷದಲ್ಲಿ ಹಿಂದಿನ ಕಾಲಿನ ತೊಡೆ ಉರಿಯತೊಡಗುತ್ತದೆ. ಡೈರೆಕ್ಷನಲ್ ಬೋರ್ಡ್‌ನಲ್ಲಿ ಆ ಕೆಲಸ ಬಹುಮಟ್ಟಿಗೆ ಆಕಾರವೇ ಮಾಡುತ್ತದೆ. ಕಿರಿದಾದ ಬಾಲ ಸಲೀಸಾಗಿ ಮುಳುಗುತ್ತದೆ, ಮೂತಿ ತಾನಾಗಿ ಏಳುತ್ತದೆ. ನಾವು ಸುಮ್ನೆ ನೆಟ್ಟಗೆ ನಿಂತರೆ ಸಾಕು.

ಹಿಮದ ಮೇಲೆ ಅಲೆಸವಾರಿ ಮಾಡುವ ಆಸೆ ಈ ಆಟದ ಹುಟ್ಟಿನಲ್ಲೇ ಇದೆ. 1965ರ ಕ್ರಿಸ್‌ಮಸ್ ದಿನ ಅಮೆರಿಕದ ಮಿಷಿಗನ್‌ನಲ್ಲಿ ಶರ್ಮನ್ ಪಾಪನ್ ಮಕ್ಕಳಿಗಾಗಿ ಎರಡು ಸ್ಕೀಗಳನ್ನು (ಒಂದೊಂದು ಕಾಲಿಗೆ ಒಂದೊಂದರಂತೆ ಕಟ್ಟುವ ಉದ್ದನೆಯ ಜಾರುಪಟ್ಟಿ) ಜೋಡಿಸಿ ಒಂದು ಹಲಗೆ ಮಾಡಿಕೊಟ್ಟರು. ಅದರ ಹೆಸರು ಸ್ನರ್ಫರ್. ಸ್ನೋ, ಸರ್ಫ್ ಎರಡೂ ಆ ಹೆಸರಿನಲ್ಲಿವೆ.

ಇನ್ನು ಗಟ್ಟಿ ಹಿಮ. ಇಲ್ಲಿ ತೇಲುವ ಮಾತೇ ಇಲ್ಲ. ಹಲಗೆಯನ್ನು ಓರೆ ಮಾಡಿ ಅಂಚಿನ ಉಕ್ಕಿನ ಪಟ್ಟಿಯಿಂದ ಹಿಮ ಕೊರೆಯಬೇಕು. ತಿರುವು ಶುರುವಾಗುವುದೇ ಮುಂದಿನ ಅಂಚು ಕಚ್ಚಿದಾಗ. ಪುಡಿಹಿಮದ ಅಭ್ಯಾಸದಲ್ಲಿ ಹಿಂದಕ್ಕೆ ವಾಲಿಯೇ ನಿಂತರೆ ಮೂತಿ ಹಗುರವಾಗುತ್ತದೆ, ಅಂಚು ಕಚ್ಚುವುದಿಲ್ಲ, ಹಲಗೆ ಅಡ್ಡಡ್ಡ ಜಾರುತ್ತದೆ. ಹಾಗಾಗಿ ತಿರುವಿನ ಮೊದಲಲ್ಲಿ ಮುಂದಿನ ಮೊಣಕಾಲು ಬಗ್ಗಿಸಿ ಭಾರವನ್ನು ಮುಂದಕ್ಕೆ ತರಬೇಕು. ಈ ಹಲಗೆಯಲ್ಲಿ ಕಲಿಯುವವರು ಜಾಸ್ತಿ ಎಡವುವುದು ಇಲ್ಲೇ ಅನ್ನಿಸುತ್ತದೆ. ಹಿಂದಕ್ಕೆ ವಾಲುವ ಗುಣ ಹಲಗೆಯ ಆಕಾರದಲ್ಲೇ ಇದೆ, ನಾವೂ ವಾಲುವುದು ಬೇಡ.

ಗಾಳಿ ತಂದು ಪೇರಿಸಿದ ಹಿಮದ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಗಟ್ಟಿ ಕಾಣುತ್ತದೆ. ಆದರೆ ಅಡಿಯಲ್ಲಿ ಸಡಿಲ ಪದರವಿದ್ದರೆ ಒಬ್ಬರ ಭಾರಕ್ಕೇ ಚಪ್ಪಡಿಯಂತೆ ಒಡೆದು ಹಿಮಕುಸಿತವಾಗಬಹುದು. ಯಾವ ಹಲಗೆಯೂ ಇದಕ್ಕೆ ಉತ್ತರವಲ್ಲ. ಬೀಕನ್ (ಹಿಮದಡಿ ಹೂತವರನ್ನು ಹುಡುಕಲು ಸಂಕೇತ ಕಳಿಸುವ ಸಾಧನ), ಸಲಿಕೆ, ಜೊತೆಗೊಬ್ಬ ಸಂಗಾತಿ ಇಲ್ಲದೆ, ಅವತ್ತಿನ ಹಿಮಕುಸಿತದ ಎಚ್ಚರಿಕೆ ಕೇಳದೆ ಅಲ್ಲಿಗೆ ದಯವಿಟ್ಟು ಹೋಗಬೇಡಿ.

ಕೊನೆಗೆ ಒದ್ದೆ ಹಿಮ. ಜಾರುವಾಗ ಉಜ್ಜಿದ ಬಿಸಿಗೆ ಹಿಮದ ಹರಳುಗಳ ಮೇಲೆ ತೀರಾ ತೆಳುವಾದ ನೀರಿನ ಪೊರೆ ಮೂಡುತ್ತದೆ, ಜಾರಿಕೆಗೆ ಅದೇ ಎಣ್ಣೆ. ಆದರೆ ಬಿಸಿಲಿಗೆ ಕರಗಿ ನೀರು ಅತಿಯಾದರೆ ಅದೇ ಪೊರೆ ತಳವನ್ನು ಹಿಡಿದೆಳೆಯುತ್ತದೆ. ಎರಡು ಒದ್ದೆ ಗಾಜಿನ ಹಾಳೆ ಅಂಟಿಕೊಂಡಂತೆ, ಅಲ್ವಾ? ತಳದ ಸಣ್ಣ ಗೀರುಗಳೂ ಮೇಣವೂ ಇರುವುದು ಆ ನೀರನ್ನು ಬಿಡಿಸಲಿಕ್ಕೆ. ಆದರೂ ನೆರಳಿನಿಂದ ಬಿಸಿಲಿಗೆ ಬಂದ ಕೂಡಲೇ ಹಲಗೆ ಗಕ್ಕನೆ ನಿಧಾನವಾಗುತ್ತದೆ, ಮೈ ಮಾತ್ರ ಮುಂದಕ್ಕೆ ಹೋಗುತ್ತದೆ. ಹಾಗಾಗಿ ನೆರಳು ಮುಗಿಯುವ ಗೆರೆ ಕಂಡ ಕೂಡಲೇ ಮೊಣಕಾಲು ಸಡಿಲ ಬಿಟ್ಟು, ಭಾರವನ್ನು ಒಂದು ಚೂರು ಹಿಂದಕ್ಕೆ ತಂದುಕೊಳ್ಳಬೇಕು.