ಸಿಟ್ಟಿನಲ್ಲಿ ಕೂಗಾಡುವ ಮಗುವಿಗೆ ಬುದ್ಧಿ ಹೇಳುವುದು ಯಾವಾಗ?

ಪ್ರಶ್ನೆ: ನನ್ನ ಮಗನಿಗೆ ಏಳು ವರ್ಷ. ಬೇಡ ಅಂದರೆ ಸಾಕು, ಕೂಗಾಟ, ಕೈಗೆ ಸಿಕ್ಕಿದ್ದನ್ನು ಎಸೆಯುವುದು. ಎಷ್ಟು ಬುದ್ಧಿ ಹೇಳಿದರೂ ತಲೆಗೆ ಹೋಗುವುದಿಲ್ಲ, ಗದರಿದರೆ ಇನ್ನೂ ಜಾಸ್ತಿ. ಏನು ಮಾಡಲಿ?

ಉತ್ತರ: ಬುದ್ಧಿ ಹೇಳುತ್ತಿರುವುದು ಯಾವ ಹೊತ್ತಿನಲ್ಲಿ ಎಂದು ಮೊದಲು ಗಮನಿಸಿ. ಎಷ್ಟೋ ಮನೆಗಳಲ್ಲಿ ಅದು ಮಗು ಕೂಗಾಡುತ್ತಿರುವ ಹೊತ್ತೇ. ಆಗ ಹೇಳಿದ್ದು ತಲೆಗೆ ಹೋಗದಿರುವುದಕ್ಕೆ ಮೊಂಡುತನ ಕಾರಣವಲ್ಲ. ಆವೇಗಕ್ಕೆ ಕಡಿವಾಣ ಹಾಕುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಸುಮಾರು 25ರ ವಯಸ್ಸಿಗೆ. ಏಳರಲ್ಲಿ ಅದಿನ್ನೂ ಎಳಸು. ಸಿಟ್ಟು ನೆತ್ತಿಗೇರಿದಾಗ ದೊಡ್ಡವರಿಗೇ ಯಾರ ಮಾತೂ ಬೇಡವಾಗಿರುತ್ತದೆ, ಮಗುವಿನ ಪಾಡೇನು?

ಹಾಗಾಗಿ ರಂಪ ನಡೆಯುವಾಗ ನಿಮ್ಮ ಕೆಲಸ ಸಣ್ಣದು. ಯಾರಿಗೂ ಪೆಟ್ಟಾಗದಂತೆ ನೋಡಿಕೊಳ್ಳಿ. ದನಿ ತಗ್ಗಿಸಿ "ತುಂಬಾ ಸಿಟ್ಟು ಬಂದಿದೆ ಅಲ್ವಾ, ನಾನು ಇಲ್ಲೇ ಇದೀನಿ" ಎಂದಷ್ಟೇ ಹೇಳಿ ಸುಮ್ಮನಾಗಿ. ವಿಚಾರಣೆ, ಉಪದೇಶ ಎಲ್ಲ ಆಮೇಲೆ. ಏಟು ಮಾತ್ರ ಬೇಡವೇ ಬೇಡ. ಸಿಟ್ಟು ಬಂದರೆ ಕೈ ಎತ್ತಬಹುದು ಎಂದು ನಾವೇ ತೋರಿಸಿಕೊಟ್ಟಂತಾಗುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದು: ಬೇಡ ಎಂದದ್ದನ್ನು ಕೂಗಾಟ ತಾಳಲಾರದೆ ಕೊಟ್ಟುಬಿಡಬೇಡಿ. ಒಂಬತ್ತು ಸಲ ಗಟ್ಟಿಯಾಗಿ ನಿಂತು ಹತ್ತನೆಯ ಸಲ ಸೋತರೂ ಮಗುವಿನ ನೆನಪಿನಲ್ಲಿ ಉಳಿಯುವುದು ಆ ಹತ್ತನೆಯದೇ. ಅಮೆರಿಕದ ಮನಶ್ಶಾಸ್ತ್ರಜ್ಞ ಗೆರಾಲ್ಡ್ ಪ್ಯಾಟರ್ಸನ್ ಕುಟುಂಬಗಳನ್ನು ಹತ್ತಿರದಿಂದ ಗಮನಿಸಿ ಈ ಸುಳಿಯನ್ನು ವಿವರಿಸಿದರು. ಮಗು ಕೂಗುತ್ತದೆ, ದೊಡ್ಡವರು ಮಣಿಯುತ್ತಾರೆ, ಕೂಗು ನಿಲ್ಲುತ್ತದೆ. ಮಗುವಿಗೆ ಬೇಕಾದ್ದು ಸಿಕ್ಕಿತು, ದೊಡ್ಡವರಿಗೆ ನೆಮ್ಮದಿ ಸಿಕ್ಕಿತು. ಹೀಗೆ ಇಬ್ಬರಿಗೂ ಅದೇ ರೂಢಿಯಾಗುತ್ತದೆ. ನೀವು ಮಣಿಯುವುದನ್ನು ನಿಲ್ಲಿಸಿದಾಗ ಮೊದಲ ಕೆಲವು ದಿನ ಕೂಗಾಟ ಹೆಚ್ಚಾಗಬಹುದು. ಹಳೆಯ ಉಪಾಯ ಯಾಕೆ ಫಲಿಸುತ್ತಿಲ್ಲ ಎಂದು ಮಗು ಇನ್ನಷ್ಟು ಜೋರಾಗಿ ಪ್ರಯತ್ನಿಸುತ್ತಿರುತ್ತದೆ. ಬಹಳಷ್ಟು ಜನ ಕೈಚೆಲ್ಲುವುದು ಅಲ್ಲೇ. ಕೊನೆಗೆ ಕೊಟ್ಟೇ ಕೊಡುವಂಥದ್ದಾದರೆ ಮೊದಲೇ ಹೂಂ ಅಂದುಬಿಡಿ, ಅದರಲ್ಲಿ ತಪ್ಪಿಲ್ಲ.

ನಿಜವಾದ ಕಲಿಕೆ ಶಾಂತವಾಗಿರುವಾಗ. ಸಿಟ್ಟು ಬಂದಂತೆ ನಟಿಸುವ ಆಟ ಆಡಿಸಿ: ಎಸೆಯದೆ, ಹೊಡೆಯದೆ "ನನಗೆ ಸಿಟ್ಟು ಬಂದಿದೆ" ಎಂದು ಬಾಯಲ್ಲಿ ಹೇಳಿ ತೋರಿಸಲಿ. ನಿಜವಾದ ಸಿಟ್ಟಿನಲ್ಲಿ ಕೂಗಿದರೂ ಎಸೆಯದೆ ಇದ್ದ ದಿನ, "ಇವತ್ತು ಏನನ್ನೂ ಎಸೆಯಲಿಲ್ಲ, ನೋಡಿದೆ" ಎಂದು ಮರೆಯದೆ ಹೇಳಿ.

ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಎಷ್ಟು ಹೊತ್ತಿಗೆ ಶುರುವಾಯಿತು, ಅದಕ್ಕೆ ಮುಂಚೆ ಏನಾಯಿತು, ಹಸಿವಿತ್ತೇ, ರಾತ್ರಿ ನಿದ್ದೆ ಆಗಿತ್ತೇ. 6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಆಟ ನಿಲ್ಲಿಸಬೇಕಾದಾಗಲೇ ಸಿಟ್ಟು ಬರುತ್ತಿದ್ದರೆ ಐದು ನಿಮಿಷ ಮುಂಚೆ ತಿಳಿಸಿ.

ಎರಡು ಮೂರು ವರ್ಷದ ಮಕ್ಕಳ ರಂಪ ಸಾಮಾನ್ಯ. ಏಳರಲ್ಲೂ ವಾರಕ್ಕೆ ಹಲವು ಸಲ, ತಿಂಗಳುಗಟ್ಟಲೆ ನಡೆಯುತ್ತಿದ್ದರೆ, ತನಗೋ ಬೇರೆಯವರಿಗೋ ಪೆಟ್ಟು ಮಾಡುತ್ತಿದ್ದರೆ ಅಥವಾ ರಂಪವಿಲ್ಲದ ಹೊತ್ತಿನಲ್ಲೂ ಸದಾ ಸಿಡುಕುತ್ತಿದ್ದರೆ ಮಕ್ಕಳ ವೈದ್ಯರನ್ನೋ ಮಕ್ಕಳ ಮನೋವೈದ್ಯರನ್ನೋ ಕಾಣಿ. ಆತಂಕ, ಓದಿನ ತೊಂದರೆ, ಗಮನ ನಿಲ್ಲದಿರುವ, ಅತಿಯಾಗಿ ಚಡಪಡಿಸುವ ಸಮಸ್ಯೆಯಾದ ಎಡಿಎಚ್‌ಡಿ, ಕಿವಿ ಸರಿಯಾಗಿ ಕೇಳದಿರುವುದು ಕೂಡ ಸಿಟ್ಟಿನ ವೇಷದಲ್ಲಿ ಕಾಣಿಸಿಕೊಳ್ಳುತ್ತವೆ. ಹೋಗುವಾಗ ಆ ನೋಟ್‌ಬುಕ್ ಜೊತೆಗಿರಲಿ.